ಮನೆಗೆ ಬರುವ ಸೈಕಲ್

ಏಪ್ರಿಲ್ 9

ನನ್ನ ಮೇಸ್ತ್ರಿಗೆ,

ಮುಳುಗಲಿಲ್ಲ. ಬದುಕಿದ್ದೇನೆ. ಈ ಎರಡು ಸುದ್ದಿಯನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ನಿಧಾನವಾಗಿ ಓದಬಹುದು. ನಿನ್ನ ಅತ್ತೆಗೂ ತಿಳಿಸು. ಹೊರಡುವ ದಿನ ಬಾಗಿಲಲ್ಲಿ ನಿಂತು, "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಐವತ್ತೆಂಟಕ್ಕೇ ಬಂತಲ್ಲೋ" ಎಂದಿದ್ದಳು. ಒಡಹುಟ್ಟಿದ ತಮ್ಮನ ಮೇಲೆ ಅಕ್ಕನಿಗಿರುವ ನಂಬಿಕೆ ಅಷ್ಟು.

ಫೋನು ಬಿಟ್ಟು ಕಾಗದ ಹಿಡಿದಿದ್ದಕ್ಕೆ ಬೇಸರಪಡಬೇಡ. ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ಕಲೆಸುವ ಯಂತ್ರದ ಪಕ್ಕದಲ್ಲೇ ಆಯುಷ್ಯ ಕಳೆದ ಕಿವಿ ನನ್ನದು. ನಿನ್ನ ದನಿಯೋ ಈಚೆಗೆ ಸಣ್ಣಗಾಗಿದೆ. ನಾನು "ಏನು, ಏನು" ಎನ್ನುವುದು, ನೀನು ಸಿಟ್ಟಾಗಿ ಫೋನು ಇಡುವುದು, ಇದು ಯಾವ ಚಂದ? ಕಾಗದದಲ್ಲಿ ನೀನು ಎಷ್ಟು ಮೆಲ್ಲಗೆ ಮಾತಾಡಿದರೂ ನನಗೆ ಕೇಳಿಸುತ್ತದೆ.

ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು ಮಾಡಬೇಕಾದ ಆ ಸ್ಪರ್ಧೆಯ ವಿಷಯ ಹೇಳುತ್ತೇನೆ. ಕೆರೆಯ ನೀರು ಮಂಜುಗಡ್ಡೆ. ರಬ್ಬರಿನ ಅಂಗಿಯೊಳಗೆ ನನ್ನನ್ನು ತುರುಕಲು ಇಬ್ಬರು ಬೇಕಾಯಿತು. ನೀರಿಗೆ ಧುಮುಕಿದ್ದೇ ತಡ, ಯಾರದೋ ಕಾಲು ನನ್ನ ಮೂಗಿಗೆ, ನನ್ನ ಮೊಣಕೈ ಯಾರದೋ ಬೆನ್ನಿಗೆ. ಆಮೇಲೆ ಎಲ್ಲರೂ ಮುಂದೆ ಹೋಗಿಬಿಟ್ಟರು, ನನಗೆ ಇಡೀ ಕೆರೆ ಬಿಟ್ಟುಕೊಟ್ಟರು. ಸೈಕಲ್ ಹತ್ತಿದ ಮೇಲೆ ಜೀವ ಬಂತು. ನೀನು ಕೂರಿಸಿದ ಸೈಕಲ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು. ಓಟದಲ್ಲಿ ಮಾತ್ರ ನಡೆದದ್ದೇ ಹೆಚ್ಚು. ಕೊನೆಗೆ ನೋಡಿದರೆ ನನ್ನ ಹಿಂದೆ ಇದ್ದವರು ಇಬ್ಬರೇ: ಒಬ್ಬನಿಗೆ ಕಾಲು ಉಳುಕಿತ್ತು, ಇನ್ನೊಬ್ಬ ಆಂಬುಲೆನ್ಸಿನ ಚಾಲಕ.

ಆದರೂ ಔಷಧಿಯ ಸಂಶೋಧನೆಗೆ ಹಣ ಕೂಡಿಸುವ ನಮ್ಮ ಸಂಘದ ಡೇರೆಗೆ ಜನ ಬಂದರು. ಸ್ನಾಯು ಸೊರಗುವ ಕಾಯಿಲೆ ಎಂದರೆ ಏನು ಎಂದು ಕೇಳಿದರು, ಕಾಗದ ತೆಗೆದುಕೊಂಡು ಓದಿದರು, ಪೆಟ್ಟಿಗೆಗೆ ತಮ್ಮಿಂದಾದಷ್ಟು ಹಾಕಿದರು. ಈ ಬೊಜ್ಜಿನವನು ಮೂರೂ ಮುಗಿಸಿದ್ದಾನಲ್ಲ ಎಂಬ ಕನಿಕರಕ್ಕೇ ಅರ್ಧ ಪೆಟ್ಟಿಗೆ ತುಂಬಿತು ಎಂದು ನನ್ನ ಲೆಕ್ಕ.

ನೀರು ಕೊಡಲು ನಿಂತಿದ್ದ ಹುಡುಗಿಯೊಬ್ಬಳು ಬೋಲ್ಟುಗಳ ಮೇಲೆ ನೀನು ಎಳೆದ ಸಣ್ಣ ಕೆಂಪು ಗೆರೆಗಳನ್ನು ನೋಡಿ ಇದೇನು ಎಂದು ಕೇಳಿದಳು. ನಮ್ಮ ಮೇಸ್ತ್ರಿಗೆ ಶೃಂಗಾರದ ಹುಚ್ಚು ಎಂದೆ. ಅಕ್ಕನ ಉಗುರುಬಣ್ಣ ಬೇಗ ಬೇಗ ಖಾಲಿಯಾಗುವ ಗುಟ್ಟು ಈಗ ಹೊಳೆಯಿತು.

ನೀನು ತಾಕೀತು ಮಾಡಿದಂತೆ ಸೈಕಲ್ಲನ್ನು ಬಸ್ಸಿನ ಹೊಟ್ಟೆಗೆ ಹಾಕಿ ಕಳಿಸಿದ್ದೇನೆ. ಸರಿಮಾಡಿ ತಿರುಗಿ ಕಳಿಸು. ನಾನು ಇಲ್ಲೇ ಉಳಿಯುತ್ತೇನೆ. ಸಂಘದವರು ಒಂದು ಬೇಕರಿಯಲ್ಲಿ ಬೆಳಗಿನ ಕೆಲಸ ಗೊತ್ತುಮಾಡಿದ್ದಾರೆ, ಮಹಡಿಯಲ್ಲಿ ಕೋಣೆಯೂ ಇದೆ. ಮುಂದಿನ ಸ್ಪರ್ಧೆ ಇಲ್ಲಿಂದ ಹತ್ತಿರ. ಸುಮ್ಮನೆ ಬಂದು ಹೋಗುವುದು ಯಾಕೆ?

ಕೈ ಹೇಗಿದೆ ಎಂದು ಕೇಳುವುದಿಲ್ಲ. ನಿನಗೆ ಬೇಕೆನಿಸಿದರೆ ಬರೆ.

ನಿನ್ನ ಅಪ್ಪ

*

ಏಪ್ರಿಲ್ 18

ಮೀನಾಗಿ ಹುಟ್ಟಬೇಕಿದ್ದ ಅಪ್ಪನಿಗೆ,

ಸೈಕಲ್ ಬಂತು. ಅದರ ಅವಸ್ಥೆ ನೋಡಿದರೆ ನೀನು ಕೆರೆಯಲ್ಲೂ ಅದನ್ನೇ ತುಳಿದಂತಿದೆ. ಚೈನಿನಲ್ಲಿ ಅರ್ಧ ಊರಿನ ಮಣ್ಣು. ತೊಳೆದು, ಒರೆಸಿ, ಎಣ್ಣೆ ಬಿಟ್ಟು, ಬಿಚ್ಚಬೇಕಾದ್ದನ್ನು ಬಿಚ್ಚಿ ಮತ್ತೆ ಕೂರಿಸಿದ್ದೇನೆ. ನಾಳಿನ ಬಸ್ಸಿಗೆ ಹಾಕುತ್ತೇನೆ.

ಬಸ್ಸಿನವನು ಸೈಕಲ್ ಇಳಿಸುವಾಗ ಅತ್ತೆಯೂ ಬಂದಿದ್ದಳು. ಬಸ್ಸು ಹೋಗುವವರೆಗೂ ಬಾಗಿಲನ್ನೇ ನೋಡುತ್ತಿದ್ದಳು. ನೀನು ಇಳಿಯುತ್ತೀಯ ಎಂದು ಅವಳಿಗೆ ಯಾರು ಹೇಳಿದರೋ. ದಾರಿಯುದ್ದಕ್ಕೂ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗೊಣಗಿದಳು. ನಾನು ನಿನ್ನ ಪರ ವಹಿಸಿ ಮಾತಾಡಿದೆ, ಅದಕ್ಕೆ ರಾತ್ರಿಯ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಕೈ ಹೇಗಿದೆ ಎಂದು ಕೇಳದೆಯೇ ಕೇಳಿದ್ದೀಯ, ಹಾಗಾಗಿ ಹೇಳುತ್ತೇನೆ. ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಮಾತು ಬಿಟ್ಟಿದೆ, ಒಂದನ್ನೊಂದು ಮುಟ್ಟುವುದಿಲ್ಲ. ಸ್ಪ್ಯಾನರನ್ನು ಮುಷ್ಟಿಯಲ್ಲಿ ಹಿಡಿಯುತ್ತೇನೆ. ಪೆಡಲಿನಂತಹ ಗಟ್ಟಿ ಜಾಗಕ್ಕೆ ಸ್ಪ್ಯಾನರಿನ ಹಿಡಿಗೆ ಒಂದು ಕಬ್ಬಿಣದ ಕೊಳವೆ ತೂರಿಸಿಕೊಂಡು ಮೈಭಾರ ಬಿಡುತ್ತೇನೆ. ಹಿಡಿ ಉದ್ದವಾದಷ್ಟೂ ಬಲ ಕಡಿಮೆ ಸಾಕು. ಬುದ್ಧಿ ಇರುವಾಗ ಸ್ನಾಯು ಯಾಕೆ?

ಅಂಗಡಿ ನಡೆಯುತ್ತಿದೆ. ಶಾಲೆಯ ಮಕ್ಕಳ ಪಂಕ್ಚರು, ಹಾಲಿನವನ ಬ್ರೇಕು. ನಿನ್ನ ಸೈಕಲ್ ಬಂದ ದಿನ ಮಾತ್ರ ಹಬ್ಬ, ಬೇರೆಲ್ಲವನ್ನೂ ಪಕ್ಕಕ್ಕೆ ಸರಿಸಿ ಅದೊಂದನ್ನೇ ಹಿಡಿಯುತ್ತೇನೆ.

ಬೇಕರಿಯಲ್ಲಿ ಒಲೆಯ ಹತ್ತಿರ ಬೆವರಿ ಹೊರಗೆ ಗಾಳಿಗೆ ನಿಲ್ಲಬೇಡ.

ಮೇಸ್ತ್ರಿ

*

ಮೇ 30

ಮೇಸ್ತ್ರಿಗೆ,

ಎರಡನೆಯದೂ ಮುಗಿಯಿತು. ಈ ಸಲ ಸಮುದ್ರ. ಕುಡಿದ ಉಪ್ಪುನೀರಿಗೆ ನಿನ್ನ ಅತ್ತೆಯ ಸಾರು ನೆನಪಾಯಿತು. ಸೈಕಲ್ಲಿನಲ್ಲಿ ಹತ್ತು ಜನರನ್ನು ಹಿಂದೆ ಹಾಕಿದೆ. ಓಟದಲ್ಲಿ ಆ ಹತ್ತೂ ಜನ ನನ್ನನ್ನು ಹಿಂದೆ ಹಾಕಿ, ಹೋಗುವಾಗ ಬೆನ್ನು ತಟ್ಟಿದರು.

ಸಂಜೆ ಡೇರೆಯಲ್ಲಿ ಒಬ್ಬ ಹೆಂಗಸು ಬಂದಳು. ನರ್ಸ್ ಅಂತೆ. ಕಾಯಿಲೆಯ ಬಗ್ಗೆ ನನಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು. ನೀವು ಯಾರಿಗೋಸ್ಕರ ಇಷ್ಟು ಕಷ್ಟಪಡುತ್ತಿದ್ದೀರಿ ಎಂದು ಕೇಳಿದಳು. ನಾನು ಬಾಯಿ ತೆರೆದೆ. "ಗೊತ್ತಿರೋರೊಬ್ರಿಗೆ" ಎಂದೆ. ಆಮೇಲೆ, ಹೆಂಡತಿಗೂ ಇತ್ತು, ಹೋಗಿಬಿಟ್ಟಳು ಎಂದೆ. ನಿನ್ನ ಅಮ್ಮನ ಮಾತನ್ನು ಸಲೀಸಾಗಿ ಹೇಳಿದೆ ನೋಡು. ಮಗಳಿಗೆ ಎಂಬ ಮಾತನ್ನು ಮಾತ್ರ ಹೇಳಲಾಗಲಿಲ್ಲ. ಅವಳು ಪೆಟ್ಟಿಗೆಗೆ ದುಡ್ಡು ಹಾಕಿ ಹೋದಳು.

ಸೈಕಲ್ ಇಂದಿನ ಬಸ್ಸಿಗೆ ಹಾಕಿದ್ದೇನೆ. ನನಗೆ ಈ ಸಲವೂ ಬರಲಾಗುವುದಿಲ್ಲ. ಬೇಕರಿಯಲ್ಲಿ ಒಬ್ಬರು ರಜೆಯಲ್ಲಿದ್ದಾರೆ. ನಿನ್ನ ಅತ್ತೆಗೆ ನೀನೇ ಏನಾದರೂ ಹೇಳಿ ಸಮಾಧಾನ ಮಾಡು.

ಹೊಸ ಶೂಸಿನಲ್ಲಿ ಹಿಮ್ಮಡಿ ಕಿತ್ತುಹೋಗಿದೆ. ಅಷ್ಟು ಬಿಟ್ಟರೆ ಕಲ್ಲುಗುಂಡಿನ ಹಾಗಿದ್ದೇನೆ.

ಅಪ್ಪ

*

ಜೂನ್ 16

ಅಪ್ಪಾ,

ಸೈಕಲ್ ನಿನಗಿಂತ ಹೆಚ್ಚು ಸಲ ಮನೆಗೆ ಬರುತ್ತಿದೆ. ಈಗ ನೆರೆಯವರು ಅದನ್ನೇ ಮಾತಾಡಿಸುತ್ತಾರೆ.

ಈ ಸಲದ ಕಾಗದ ಸ್ವಲ್ಪ ಸಪ್ಪೆ, ಸಹಿಸಿಕೋ. ಹೋದ ವಾರ ಬಲಗೈಯಿಂದಲೂ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ಉಗುರು ಕಪ್ಪಾಗಿದೆ. ಅದನ್ನು ನೋಡಿದ ಗಿರಾಕಿಯೊಬ್ಬರು, ಬಹಳ ಒಳ್ಳೆಯವರು, ತಮ್ಮ ಮಗನ ಸೈಕಲ್ಲನ್ನು ಬಿಡಲು ಬಂದವರು, "ಇರ್ಲಿ ಬಿಡಮ್ಮ, ನೀನು ರೆಸ್ಟ್ ತಗೋ, ಅರ್ಜೆಂಟ್ ಏನಿಲ್ಲ" ಎಂದು ಸೈಕಲ್ ತಳ್ಳಿಕೊಂಡು ವಾಪಸ್ ಹೋದರು. ಮರುದಿನ ಅದೇ ಸೈಕಲ್ ದೊಡ್ಡ ರಸ್ತೆಯ ಅಂಗಡಿಯ ಮುಂದೆ ತಲೆಕೆಳಗಾಗಿ ನಿಂತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕನಿಕರಕ್ಕೆ ಏನೆಂದು ಉತ್ತರ ಕೊಡುವುದು?

ಅಪ್ಪಾ, ನನಗೆ ಗಂಡ ಮಕ್ಕಳು ಬೇಕೆಂಬ ಆಸೆ ಯಾವತ್ತೂ ಇರಲಿಲ್ಲ, ನಿನಗೆ ಗೊತ್ತು. ಬೇಕಾಗಿದ್ದು ಈ ಹತ್ತಡಿ ಅಂಗಡಿ. ಕೈಗೆ ಕೆಲಸ ಇರುವವರೆಗೆ ನಾನು ಮೇಸ್ತ್ರಿ. ಅದು ಹೋದ ದಿನ ಬರೀ ರೋಗಿ. ಉಳಿದವರ ಸೈಕಲ್ ಒಂದೊಂದಾಗಿ ಹೋದರೂ ಹೋಗಲಿ, ನಿನ್ನ ಸೈಕಲ್ಲನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಈ ಸಲ ಅದನ್ನು ಕೂರಿಸಲು ಒಂದು ದಿನದ ಬದಲು ಮೂರು ದಿನ ಹಿಡಿಯಿತು. ಆದರೆ ಸರಿಯಾಗಿ ಕೂತಿದೆ.

ಮಧ್ಯದಲ್ಲಿ ಒಂದು ಸಲ ಬಂದು ಹೋಗಬಾರದೇ? ಅತ್ತೆ ಕೇಳು ಎಂದಳು, ಅದಕ್ಕೆ ಕೇಳಿದೆ.

ಮೇಸ್ತ್ರಿ

*

ಜುಲೈ 21

ಮಗಳೇ,

ಗಾಬರಿಯಾಗಬೇಡ. ಬಿದ್ದೆ. ಗದ್ದಕ್ಕೆ ಹೊಲಿಗೆ ಹಾಕಿದ್ದಾರೆ, ಮಣಿಕಟ್ಟು ಮುರಿದಿಲ್ಲ, ಮುನಿಸಿಕೊಂಡಿದೆ ಅಷ್ಟೆ. ಈ ಕಾಗದ ಎಡಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರಗಳು ಹೀಗೆ ಕುಣಿಯುತ್ತಿವೆ.

ಗುಡ್ಡದ ಇಳಿಜಾರಿನಲ್ಲಿ ಆದದ್ದು. ತಿರುವಿನಲ್ಲಿ ಚಿಟ್ಟೆಂದು ಏನೋ ಸದ್ದಾಯಿತು, ಹ್ಯಾಂಡಲ್ ಕೈಯಲ್ಲೇ ತಿರುಗಿಬಿಟ್ಟಿತು. ರಸ್ತೆ ಸರಿ ಇರಲಿಲ್ಲ. ಗುಂಡಿ, ಜಲ್ಲಿ. ತಪ್ಪು ಪೂರ್ತಿ ರಸ್ತೆಯದು. ಹುಲ್ಲಿನ ಮೇಲೆ ಬಿದ್ದದ್ದರಿಂದ ಉಳಿದೆ. ಸಂಘದವರು ಬಹಳ ಚೆನ್ನಾಗಿ ನೋಡಿಕೊಂಡರು.

ಸೈಕಲ್ ಕಳಿಸುತ್ತಿದ್ದೇನೆ. ಆದರೆ ನೀನು ಅದರ ಗೋಜಿಗೆ ಹೋಗಬೇಡ. ಮೂಲೆಯಲ್ಲಿ ಒರಗಿಸಿಡು ಸಾಕು. ಮುಂದಿನ ಸ್ಪರ್ಧೆಗೆ ಇಲ್ಲೇ ಒಂದು ಸೈಕಲ್ ಬಾಡಿಗೆಗೆ ಸಿಗುತ್ತದಂತೆ. ನೀನು ಆರಾಮಾಗಿರು, ಕೈಗೆ ಶ್ರಮ ಕೊಡಬೇಡ.

ಮತ್ತೆ ಹೇಳುತ್ತೇನೆ, ತಪ್ಪು ರಸ್ತೆಯದು.

ಅಪ್ಪ

*

ಜುಲೈ 26

ಅಪ್ಪಾ,

ಹ್ಯಾಂಡಲ್ ತಿರುಗಿತು ಎಂದು ಬರೆದಿದ್ದೀಯ. ರಸ್ತೆಯ ಗುಂಡಿಗೆ ಹ್ಯಾಂಡಲ್ ತಿರುಗುವುದಿಲ್ಲ. ಅದನ್ನು ಹಿಡಿದಿಟ್ಟ ಕ್ಲಾಂಪಿನ ಬೋಲ್ಟು ಸಡಿಲವಿದ್ದರೆ ತಿರುಗುತ್ತದೆ. ಆ ಬೋಲ್ಟುಗಳನ್ನು ಬಿಗಿದವಳು ನಾನು.

ಸರಿಯಾಗಿ ಕೂತಿದೆ ಎಂದು ನಿನಗೆ ಬರೆದಿದ್ದೆ. ನನ್ನ ಕೈ ನನಗೇ ಸುಳ್ಳು ಹೇಳಿತು ಅಪ್ಪಾ. ಹುಲ್ಲು ಇರದಿದ್ದರೆ?

ಈ ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇನೆ. ಸಾಮಾನುಗಳನ್ನು ಕಸುಬಿನ ಶಾಲೆಗೆ ಕೊಡುವುದಾಗಿ ಹೇಳಿಯಾಯಿತು. ಅತ್ತೆ ಬೆಳಗಿನಿಂದ ನನ್ನ ಜೊತೆ ಜಗಳವಾಡುತ್ತಿದ್ದಾಳೆ.

ಗದ್ದಕ್ಕೆ ನೀರು ತಾಗಿಸಬೇಡ.

ಇಂತಿ

*

ಜುಲೈ 29

ಅಪ್ಪಾ,

ಹೋದ ಕಾಗದ ಹರಿದು ಹಾಕು. ಹರಿಯುವ ಮೊದಲು ಇದನ್ನು ಕೂತುಕೊಂಡು ಓದು.

ಸೈಕಲ್ ನಿನ್ನೆ ಬಂತು. ಮುಟ್ಟಬಾರದು ಎಂದೇ ಇದ್ದೆ. ಆದರೆ ಎಷ್ಟು ಸಡಿಲ ಬಿಟ್ಟಿದ್ದೆ ಎಂದು ಒಮ್ಮೆ ಕಣ್ಣಾರೆ ನೋಡದೆ ಅಂಗಡಿ ಮುಚ್ಚಲು ಮನಸ್ಸು ಬರಲಿಲ್ಲ. ದೀಪದ ಕೆಳಗೆ ನಿಲ್ಲಿಸಿ ಕ್ಲಾಂಪಿನ ಮಣ್ಣು ಒರೆಸಿದೆ. ಕ್ಲಾಂಪ್ ಉದ್ದಕ್ಕೆ ಸೀಳಿಹೋಗಿದೆ. ಸಡಿಲವಾದ ಕ್ಲಾಂಪ್ ಸೀಳುವುದಿಲ್ಲ ಅಪ್ಪಾ. ಆಗ ನನ್ನ ಕೆಂಪು ಗೆರೆಗಳನ್ನು ನೋಡಿದೆ.

ಅದನ್ನು ನೀನು ಶೃಂಗಾರ ಎಂದುಕೊಂಡಿದ್ದೆ, ಅಲ್ಲವೇ? ನಾನೂ ಬಿಡಿಸಿ ಹೇಳಿರಲಿಲ್ಲ. ಬೋಲ್ಟು ಬಿಗಿದಾದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಒಂದೇ ಗೆರೆ ಎಳೆಯುತ್ತೇನೆ. ಬೋಲ್ಟು ತಾನಾಗಿ ಸಡಿಲವಾದರೆ ತಲೆಯ ಮೇಲಿನ ಅರ್ಧ ಗೆರೆ ಒಂದು ಕಡೆಗೆ ಸರಿಯುತ್ತದೆ. ಯಾರಾದರೂ ಇನ್ನಷ್ಟು ಬಿಗಿದರೆ ಇನ್ನೊಂದು ಕಡೆಗೆ. ನೋಡಿದ ಕೂಡಲೇ ಗೊತ್ತಾಗಲಿ ಎಂದೇ ಗೆರೆ. ಈ ನಾಲ್ಕು ಬೋಲ್ಟಿನ ಗೆರೆಯೂ ಬಿಗಿಯುವ ಕಡೆಗೇ ಸರಿದಿದೆ, ಅದೂ ಒಂದು ಅಕ್ಕಿಕಾಳಿನಷ್ಟು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದಿರಲೂ ಇಲ್ಲ, ನೀನಾಗಿಯೇ ತಪ್ಪು ರಸ್ತೆಯದು ಎಂದು ಎರಡೆರಡು ಸಲ ಬರೆದಾಗಲೇ ನನಗೆ ಹೊಳೆಯಬೇಕಿತ್ತು. ಸ್ಪರ್ಧೆಗೆ ಮೊದಲು ನೀನು ಬೋಲ್ಟು ತಿರುಗಿಸುವ ಅಲೆನ್ ಕೀ ಹಿಡಿದು ಕೂತಿದ್ದೀಯ. ಇಡೀ ಜನ್ಮ ಹಿಟ್ಟು ನಾದಿದ ಕೈ, ಮೈಯಲ್ಲಿರುವ ಬಲವನ್ನೆಲ್ಲ ಹಾಕಿದ್ದೀಯ. ಅದು ಹಗುರ ಲೋಹ. ಅದಕ್ಕೆ ಬಲ ಬೇಡ. ಕೀಯನ್ನು ಎರಡು ಬೆರಳಲ್ಲಿ ಹಿಡಿದು, ತಡೆ ಸಿಕ್ಕ ಮೇಲೆ ಇನ್ನೊಂಚೂರು, ಅಷ್ಟೆ. ನನ್ನ ಈ ಸೋತ ಕೈಗೆ ಆ ಕೆಲಸ ಧಾರಾಳವಾಗಿ ಆಗುತ್ತದೆ. ಹಿಟ್ಟನ್ನು ಎಷ್ಟು ನಾದಬೇಕು ಎಂದು ನೀನು ಬೆರಳಲ್ಲಿ ಒತ್ತಿ ನೋಡುತ್ತೀಯಲ್ಲ? ಅದಕ್ಕಿಂತ ಹೆಚ್ಚು ನಾದಿದವರನ್ನು ಬೈಯುತ್ತೀಯಲ್ಲ? ಅತಿಯಾದರೆ ಅಮೃತವೂ ವಿಷ ಎಂದು ನನಗೆ ಹೇಳಿಕೊಟ್ಟವನು ನೀನೇ.

ನಿನ್ನೆ ಮೊದಲು ನಕ್ಕೆ. ನನ್ನ ಕೈ ಸುಳ್ಳು ಹೇಳಿರಲಿಲ್ಲ ಎಂದು ಸ್ಟೂಲಿನ ಮೇಲೆ ಕೂತು ಒಬ್ಬಳೇ ನಕ್ಕೆ. ಆಮೇಲೆ ಬಹಳ ಸಿಟ್ಟು ಬಂತು. ಸಿಟ್ಟು ಇನ್ನೂ ಇಳಿದಿಲ್ಲ, ಅದರಲ್ಲೇ ಬರೆಯುತ್ತಿದ್ದೇನೆ.

ಅಮ್ಮನ ನೆನಪು ಮಾಡಿಕೋ. ಮೊದಲು ಅವಳ ಕೈಯಿಂದ ಸೌಟು ತೆಗೆದುಕೊಂಡೆವು. ಚೆಲ್ಲುತ್ತದೆ ಎಂದು. ಆಮೇಲೆ ಚಾಕು, ಆಮೇಲೆ ಸೂಜಿದಾರ, ಕೊನೆಗೆ ಗಿಡಕ್ಕೆ ನೀರು ಹಾಕುವ ಚೊಂಬು. "ನೀನು ಕೂತ್ಕೋ, ನಾವಿದ್ದೀವಲ್ಲ" ಎಂದು ನೀನೂ ಹೇಳಿದೆ, ನಾನೂ ಹೇಳಿದೆ. ಕಾಯಿಲೆ ತೆಗೆದುಕೊಳ್ಳುವುದಕ್ಕೆ ಮುಂಚೆಯೇ ನಾವು ಕಿತ್ತುಕೊಂಡೆವು, ಎಲ್ಲವನ್ನೂ ಪ್ರೀತಿಯಿಂದಲೇ. ಅವಳು ಎರಡು ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ನನಗೆ ಕಾಯಿಲೆಯ ಭಯ ಅಷ್ಟಿಲ್ಲ ಅಪ್ಪಾ. ಆ ಕುರ್ಚಿಯ ಭಯ ಇದೆ.

ಆದ್ದರಿಂದ ಎರಡರಲ್ಲಿ ಒಂದು ಮಾಡು. ನನ್ನ ಕೈಯ ಮೇಲೆ ನಂಬಿಕೆ ಇಲ್ಲ ಎಂದು ನೇರವಾಗಿ ಬರೆದು, ಬೇರೆ ಅಂಗಡಿಗೆ ಕೊಡು. ನೋವಾಗುತ್ತದೆ, ತಡೆದುಕೊಳ್ಳುತ್ತೇನೆ. ಇಲ್ಲವೇ ನಾನು ಬಿಗಿದದ್ದನ್ನು ಮುಟ್ಟಬೇಡ. ಕೈಯಿಂದ ಆಗದ ದಿನ ಬಂದರೆ ನಾನೇ ಹೇಳುತ್ತೇನೆ. ಅದನ್ನು ಹೇಳಬೇಕಾದವಳು ನಾನು, ಕದ್ದು ಕಂಡುಹಿಡಿಯಬೇಕಾದವನು ನೀನಲ್ಲ.

ಇನ್ನೊಂದು ಮಾತು. ಔಷಧಿ ನನ್ನ ಕಾಲಕ್ಕೆ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ ನನಗೆ ಕೇಳಿಸದಿರಲಿ ಎಂದು ನೀನು ಜೋರಾಗಿ ಕೆಮ್ಮಿದೆ. ಕೇಳಿಸಿತು. ಇರಲಿ, ಯಾರ ಮಗಳಿಗಾದರೂ ಬಂದೀತು, ಅದಕ್ಕಾಗಿ ನೀನು ಈಜು, ತುಳಿ, ಓಡು, ನನಗೆ ಹೆಮ್ಮೆಯೇ. ಆದರೆ ನನ್ನಿಂದ ದೂರ ಓಡಬೇಡ. ಏಪ್ರಿಲ್‌ನಿಂದ ನೀನು ಒಂದು ಸಲವೂ ಮನೆಗೆ ಬಂದಿಲ್ಲ. ಬೇಕರಿಯಲ್ಲಿ ಯಾರೋ ರಜೆಯಲ್ಲಿದ್ದಾರೆ ಎಂಬುದನ್ನು ಅತ್ತೆ ನಂಬಲಿಲ್ಲ, ನಾನು ನಂಬಿದ ಹಾಗೆ ಮಾಡಿದೆ.

ಕಸುಬಿನ ಶಾಲೆಯವರಿಗೆ ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದ್ದೇನೆ. ಅಂಗಡಿ ತೆರೆದಿದೆ.

ಮೇಸ್ತ್ರಿ

*

ಆಗಸ್ಟ್ 20

ನನ್ನ ಮೇಸ್ತ್ರಿಗೆ,

ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಮಣಿಕಟ್ಟಿನಿಂದಲ್ಲ. ಶುರುಮಾಡುವುದು, ಹರಿಯುವುದು. ಬೇಕರಿಯ ಕಸದ ಬುಟ್ಟಿಯಲ್ಲಿ ನಿನ್ನ ಹೆಸರಿನ ಕಾಗದಗಳೇ ತುಂಬಿವೆ.

ಇದರ ಜೊತೆ ಒಂದು ಅಲೆನ್ ಕೀ ಇಟ್ಟಿದ್ದೇನೆ. ನಿನ್ನ ಜೂನ್ ತಿಂಗಳ ಕಾಗದ ಬಂದ ದಿನ ಕೊಂಡದ್ದು. ಬಲಗೈಯಿಂದಲೂ ಸ್ಪ್ಯಾನರ್ ಜಾರಿತು ಎಂದು ಓದಿದೆನಲ್ಲ, ಆಮೇಲೆ ಅದರ ಮುಂದಿನ ಸಾಲು ಯಾವುದೂ ತಲೆಗೆ ಹೋಗಲಿಲ್ಲ. ಸ್ಪರ್ಧೆಯ ಹಿಂದಿನ ಸಂಜೆ ಸೈಕಲ್ಲನ್ನು ಕೋಣೆಗೆ ತಂದು ಬಾಗಿಲು ಹಾಕಿಕೊಂಡೆ. ಒಂದೊಂದು ಬೋಲ್ಟನ್ನೂ ಅಂಗೈಯಲ್ಲಿ ಗುರುತು ಮೂಡುವ ತನಕ ತಿರುಗಿಸಿದೆ. ಆಗ ನನ್ನ ತಲೆಯಲ್ಲಿ ಸೈಕಲ್ ಇರಲಿಲ್ಲ ಕಂದಾ. ನಿನ್ನನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಅನ್ನಿಸುತ್ತಿತ್ತು, ಬಿಟ್ಟರೆ ಹೋಗಿಬಿಡುತ್ತೀಯ ಎಂದು.

ಬಿದ್ದ ಮೇಲೂ, ನೀನು ಸಡಿಲ ಬಿಟ್ಟಿದ್ದೀಯ, ನಾನು ಸಾಕಷ್ಟು ಬಿಗಿಯಲಿಲ್ಲ ಎಂದೇ ತಿಳಿದಿದ್ದೆ. ನಿನ್ನ ಕೈ ಸರಿಯಿತ್ತು, ಕೆಡಿಸಿದ್ದು ನನ್ನ ಕೈ ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ. ಹಿಟ್ಟಿನ ಮಾತು ಹೇಳಿ ನೀನು ನನ್ನ ಬಾಯಿ ಮುಚ್ಚಿಸಿದೆ. ಹೆಚ್ಚು ನಾದಿದ ಹಿಟ್ಟಿನ ಬ್ರೆಡ್ಡನ್ನು ಕಾರ್ಖಾನೆಯಲ್ಲಿ ನಾಯಿಯೂ ಮೂಸುತ್ತಿರಲಿಲ್ಲ.

ಮನೆಗೆ ಯಾಕೆ ಬರಲಿಲ್ಲ ಎಂದು ಕೇಳಿದ್ದೀಯ. ಹೆದರಿಕೆ. ದೂರದಲ್ಲಿದ್ದರೆ ನಿನ್ನ ಕೈ ನಾನು ಹೊರಟ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಬಂದು ನೋಡಿದರೆ ಇರುವುದಿಲ್ಲ. ಇಷ್ಟು ದೊಡ್ಡ ಗಂಡಸು, ಸಮುದ್ರಕ್ಕೆ ಬೀಳುತ್ತಾನೆ, ಮಗಳ ಕೈ ನೋಡಲು ಹೆದರುತ್ತಾನೆ. ನಿನ್ನ ಅಮ್ಮನ ಬಗ್ಗೆ ನೀನು ಬರೆದದ್ದು ನಿಜ. ಅಷ್ಟೇ ಹೇಳಬಲ್ಲೆ.

ಈ ತಿಂಗಳ ಸ್ಪರ್ಧೆಗೆ ಬರುವುದಿಲ್ಲ ಎಂದು ಸಂಘದವರಿಗೆ ಹೇಳಿದ್ದೇನೆ. ಅಕ್ಟೋಬರಿನದು ಕೊನೆಯದು, ಅದಕ್ಕೆ ಹೋಗುತ್ತೇನೆ. ಸೈಕಲ್ ನೀನೇ ಕೂರಿಸಬೇಕು. ಈ ಸಲ ಅದು ಅಲ್ಲೇ ಇದೆ, ಬರಬೇಕಾದವನು ನಾನು. ಶನಿವಾರದ ಬಸ್ಸು. ಅಕ್ಕನಿಗೆ ಹೇಳು, ಬೈಗುಳವನ್ನೆಲ್ಲ ಬಸ್ ನಿಲ್ದಾಣದಲ್ಲೇ ಮುಗಿಸಲಿ.

ಅಪ್ಪ

*

ಅಕ್ಟೋಬರ್ 4

ಮೇಸ್ತ್ರಿಗೆ,

ಮೊದಲು ನಿನಗೆ ಬೇಕಾದ ಸುದ್ದಿ. ಮುಟ್ಟಲಿಲ್ಲ. ಸೈಕಲ್ಲನ್ನು ಬಸ್ಸಿನಿಂದ ಇಳಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿದ್ದೂ ಇಲ್ಲ.

ನೀನು ಹೊಸ ಕ್ಲಾಂಪ್ ಕೂರಿಸಿದ ಆ ಮಧ್ಯಾಹ್ನವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನೀನು ಕೀಯನ್ನು ಒಂದು ಸಲ ತಿರುಗಿಸಿ, ಕೈ ಇಳಿಬಿಟ್ಟು, ಉಸಿರು ಎಳೆದುಕೊಂಡು, ಮತ್ತೆ ತಿರುಗಿಸುವುದು. ನಾನು ಪಕ್ಕದ ಸ್ಟೂಲಿನಲ್ಲಿ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತಿದ್ದೆ. ಚಹಾ ತಂದ ಅಕ್ಕ ನನ್ನನ್ನು ನೋಡಿ, "ಮೇಷ್ಟ್ರು ಶಿಕ್ಷೆ ಕೊಟ್ರಾ?" ಎಂದಳು. ಚಹಾ ಕುಡಿಯಲೂ ಕೈ ತೆಗೆಯಲು ಭಯವಾಯಿತು, ತೆಗೆದರೆ ಅದು ನಿನ್ನ ಕೀಯತ್ತ ಹೋದೀತೆಂದು. ನೀರಿನಲ್ಲಿ ಉಸಿರು ಕಟ್ಟಿದ್ದಕ್ಕಿಂತ ಅದು ಕಷ್ಟ.

ಇಲ್ಲೂ ಇಳಿಜಾರು ಇತ್ತು. ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ತಿರುವಿನಲ್ಲಿ ಬ್ರೇಕಿನ ಮೇಲೆ ಬೆರಳು ಸೆಟೆದುಕೊಂಡಿತ್ತು. ಎರಡನೆಯದರಲ್ಲಿ ಬೈದುಕೊಂಡೆ, ಮಗಳು ಸರಿಯಾಗಿ ಕೂತಿದೆ ಎಂದ ಮೇಲೆ ಕೂತಿದೆ ಎಂದು. ಬ್ರೇಕು ಬಿಟ್ಟೆ. ಗಾಳಿಗೆ ಕಣ್ಣಲ್ಲಿ ನೀರು ಬಂತು, ಗಾಳಿಗೇ ಎಂದು ಇಟ್ಟುಕೋ. ಹ್ಯಾಂಡಲ್ ಬಂಡೆಯ ಹಾಗೆ ನಿಂತಿತ್ತು.

ಡೇರೆಗೆ ಒಬ್ಬ ಮುದುಕ ಬಂದು, ಯಾರಿಗೆ ಈ ಕಾಯಿಲೆ ಎಂದು ಕೇಳಿದ. "ನನ್ ಮಗಳಿಗೆ" ಎಂದೆ. "ಸೈಕಲ್ ಮೇಸ್ತ್ರಿ ಅವಳು. ಈ ಸೈಕಲ್ ಅವಳೇ ಬಿಗಿದಿದ್ದು, ನೋಡಿ." ಅವನು ಬಗ್ಗಿ ಒಂದೊಂದು ಬೋಲ್ಟನ್ನೂ ನೋಡಿದ. ಅರ್ಧ ಗಂಟೆ ನಿನ್ನ ಮಾತೇ ಆಡಿದೆ. ಪೆಟ್ಟಿಗೆ ತೋರಿಸುವುದೇ ಮರೆತುಹೋಯಿತು.

ಸಂಘದವರ ಸಭೆ ಇದೆ, ಇನ್ನೂ ಒಂದು ವಾರ ಇಲ್ಲಿರಬೇಕು. ಮುಗಿಸಿಕೊಂಡು ಬರುತ್ತೇನೆ.

ಅಪ್ಪ

*

ಅಕ್ಟೋಬರ್ 8

ಅಪ್ಪಾ,

ನಿನ್ನ ಕಾಗದ ಓದಿ ಅತ್ತೆ ಅತ್ತಳು. ಕೇಳಿದರೆ ಈರುಳ್ಳಿಯ ಘಾಟು ಎಂದಳು. ಅವಳು ಹೆಚ್ಚುತ್ತಿದ್ದುದು ಸೌತೆಕಾಯಿ.

ಅಂಗಡಿಗೆ ದಿನಕ್ಕೆ ಒಂದೋ ಎರಡೋ ಸೈಕಲ್ ಬರುತ್ತವೆ. ಅಷ್ಟು ಸಾಕು, ನನ್ನ ಕೈಯೂ ಅಷ್ಟೇ ಕೇಳುತ್ತದೆ. ಜೂನಿನಲ್ಲಿ ತಿರುಗಿ ಹೋದ ಆ ಒಳ್ಳೆಯ ಗಿರಾಕಿ ಮತ್ತೆ ಬಂದಿದ್ದರು. ದೊಡ್ಡ ರಸ್ತೆಯ ಅಂಗಡಿಯವರು ಕೂರಿಸಿದ ಗೇರು ಕಟಕಟ ಎನ್ನುತ್ತಿದೆಯಂತೆ. ನಿಧಾನವಾಗುತ್ತದೆ ಎಂದೆ. "ಆಗ್ಲಿ ಬಿಡಮ್ಮ" ಎಂದು ಬಿಟ್ಟುಹೋದರು.

ಈಗ ಬೇರೆ ವಿಷಯ. ಇದನ್ನು ಅತ್ತೆಗೆ ಹೇಳಿಲ್ಲ. ಹೇಳಿದರೆ ಅವಳು ಈಗಲೇ ಓಡಿಬಂದು ಮಾಡಿಬಿಡುತ್ತಾಳೆ, ಅದಕ್ಕೇ ಹೇಳಿಲ್ಲ.

ಕೈ ಮುಂದಕ್ಕೆ ಚಾಚಿ ಕೆಲಸ ಮಾಡಲು ಆಗುತ್ತದೆ, ಮೇಲಕ್ಕೆ ಎತ್ತಿದರೆ ನಿಲ್ಲುವುದಿಲ್ಲ. ಕಿವಿಯವರೆಗೆ ಬರುತ್ತದೆ, ಅಲ್ಲಿಂದ ಜೋಲಿ ಬೀಳುತ್ತದೆ. ತಲೆಯ ಹಿಂದಕ್ಕೆ ಹೋಗುವುದೇ ಇಲ್ಲ. ಹೋದ ಭಾನುವಾರದಿಂದ ನನಗೆ ಜಡೆ ಹಾಕಿಕೊಳ್ಳಲು ಆಗಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದೇನೆ. ಅತ್ತೆ ಅದನ್ನು ಹೊಸ ಫ್ಯಾಷನ್ ಎಂದುಕೊಂಡು ತನಗೂ ಒಂದು ತಂದಿದ್ದಾಳೆ. ಕತ್ತರಿಸಿಬಿಡೋಣ ಎಂದು ಕನ್ನಡಿಯ ಮುಂದೆ ನಿಂತೆ. ಮನಸ್ಸು ಬರಲಿಲ್ಲ. ನನಗೆ ಈ ಕೂದಲು ಇಷ್ಟ ಅಪ್ಪಾ.

ನಿನಗೆ ಬ್ರೆಡ್ಡಿನ ಹಿಟ್ಟನ್ನು ಎಳೆ ಮಾಡಿ ಜಡೆ ಹಾಕಲು ಬರುತ್ತದಲ್ಲ. ಹಬ್ಬದ ದಿನ ಕಾರ್ಖಾನೆಯಿಂದ ಮೂರೆಳೆಯದು, ನಾಲ್ಕೆಳೆಯದು ತರುತ್ತಿದ್ದೆ. ನನಗೆ ಮೂರೆಳೆಯದು ಸಾಕು. ಬಂದ ದಿನ ಬೆಳಿಗ್ಗೆ ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತೇನೆ, ನೀನು ಮೇಲಿನ ಮೆಟ್ಟಿಲಲ್ಲಿ ಕೂತು ಹಾಕಿಕೊಡು. ಯಾರು ನೋಡಿದರೂ ನೋಡಲಿ. ಆಮೇಲೆ ದಿನಾ ಬೇಕಾಗುತ್ತದೆ.

ನಾನೇ ಕೇಳುತ್ತಿದ್ದೇನೆ. ಬೇಗ ಬಾ.

ನಿನ್ನ ಮಗಳು